ಹಳೆಯ ಲ್ಯಾಪ್‌ಟಾಪನ್ನು ಮನೆಯ ಸರ್ವರ್ ಮಾಡಿಕೊಳ್ಳಲು ಯಾವ ಲಿನಕ್ಸ್ ಸೂಕ್ತ?

ಮೂರನೇ ತಲೆಮಾರಿನ ಐ5 ಪ್ರೊಸೆಸರ್ ಮತ್ತು 8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪಿನಲ್ಲಿ ಮನೆಯವರ ಫೋಟೋಗಳಿಗೆ ಇಮ್ಮಿಚ್, ಕಡತಗಳಿಗೆ ನೆಕ್ಸ್ಟ್‌ಕ್ಲೌಡ್, ಸಿನಿಮಾಗಳಿಗೆ ಜೆಲ್ಲಿಫಿನ್ ನಡೆಸಬೇಕೆಂದಿದ್ದೀರಿ. ಉಬುಂಟು, ಡೆಬಿಯನ್, ಫೆಡೋರಾ, ಆರ್ಚ್, ರಾಕಿ ಲಿನಕ್ಸ್, ಇವುಗಳಲ್ಲಿ ಯಾವುದನ್ನು ಹಾಕಲಿ ಎಂದು ಕೇಳಿದ್ದೀರಿ. ಡೆಬಿಯನ್ 13 ಹಾಕಿ ಎಂಬುದು ನನ್ನ ಉತ್ತರ. ನಾನು ಮನೆಯಲ್ಲಿ ಇಂಥವೇ ಸೇವೆಗಳನ್ನು ಡೆಬಿಯನ್ ಮೇಲೆ ನಡೆಸುತ್ತಿರುವುದರಿಂದ ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಈ ಮೂರೂ ತಂತ್ರಾಂಶಗಳನ್ನು ಡಾಕರ್ ಕಂಟೇನರುಗಳಲ್ಲಿ, ಅಂದರೆ ತಂತ್ರಾಂಶವನ್ನು ಅದಕ್ಕೆ ಬೇಕಾದ ಎಲ್ಲದರೊಂದಿಗೆ ಕಟ್ಟಿಟ್ಟ ಪ್ರತ್ಯೇಕ ಪೊಟ್ಟಣಗಳಲ್ಲಿ ನಡೆಸಬಹುದು. ಹಾಗೆ ಮಾಡಿದರೆ ನೀವು ಯಾವ ಡಿಸ್ಟ್ರೋ (ಉಬುಂಟು, ಡೆಬಿಯನ್ ಥರದ ಲಿನಕ್ಸ್ ರೂಪ) ಹಾಕಿದರೂ ಇಮ್ಮಿಚ್ ಅದೇ ಇಮ್ಮಿಚ್ ಆಗಿರುತ್ತದೆ. ಕೆಳಗಿನ ಆಪರೇಟಿಂಗ್ ಸಿಸ್ಟಮ್‌ಗೆ ಉಳಿಯುವ ಕೆಲಸ ಕರ್ನಲ್ (ಸಿಸ್ಟಮ್ಮಿನ ತಿರುಳು), ಡಿಸ್ಕ್, ಎಸ್‌ಎಸ್‌ಎಚ್ (ಬೇರೆ ಕಂಪ್ಯೂಟರಿನಿಂದ ಲಾಗಿನ್ ಆಗುವ ವ್ಯವಸ್ಥೆ) ಹಾಗೂ ಭದ್ರತಾ ಅಪ್‌ಡೇಟುಗಳನ್ನು ನೋಡಿಕೊಳ್ಳುವುದು. ಆದ್ದರಿಂದ ಯಾವುದು ವೇಗವಾಗಿದೆ, ಯಾವುದರಲ್ಲಿ ಹೊಸ ಪ್ಯಾಕೇಜುಗಳಿವೆ ಎಂಬುದಕ್ಕಿಂತ ಎರಡು ಪ್ರಶ್ನೆಗಳು ಇಲ್ಲಿ ಮುಖ್ಯ: ಬೇರೇನನ್ನೂ ಬದಲಿಸದೆ ಭದ್ರತಾ ಅಪ್‌ಡೇಟುಗಳು ಎಷ್ಟು ವರ್ಷ ಬರುತ್ತವೆ, ಮತ್ತು ಆ ಅವಧಿ ಮುಗಿದಾಗ ಎಲ್ಲವನ್ನೂ ಅಳಿಸದೆ ಮುಂದಿನ ಆವೃತ್ತಿಗೆ ಹೋಗಲು ಸಾಧ್ಯವೇ.

ಈ ಅಳತೆಯಲ್ಲಿ ಫೆಡೋರಾ ಮೊದಲೇ ಹೊರಗುಳಿಯುತ್ತದೆ, ಏಕೆಂದರೆ ಅದರ ಪ್ರತಿ ಆವೃತ್ತಿಯ ಆಯುಷ್ಯ ಸುಮಾರು 13 ತಿಂಗಳು. ಆವೃತ್ತಿಗಳೇ ಇಲ್ಲದೆ ಹೊಸ ಪ್ಯಾಕೇಜುಗಳು ಸದಾ ಬರುತ್ತಲೇ ಇರುವ ಆರ್ಚ್ ನಾವು ದಿನವೂ ಎದುರಿಗೆ ಕುಳಿತು ಬಳಸುವ ಕಂಪ್ಯೂಟರಿಗೆ ಒಳ್ಳೆಯದು. ಮೂಲೆಯಲ್ಲಿಟ್ಟು ತಿಂಗಳುಗಟ್ಟಲೆ ಮುಟ್ಟದ ಯಂತ್ರಕ್ಕೆ ಅದನ್ನು ಹಾಕಿದರೆ, ಅಪ್‌ಡೇಟುಗಳೆಲ್ಲ ಒಮ್ಮೆಲೇ ಬಂದು, ನಡುವೆ ಕೈಯಾರೆ ಸರಿಪಡಿಸಬೇಕಾದ ಸಂಗತಿಗಳೂ ಒಟ್ಟಿಗೇ ಎದುರಾಗುತ್ತವೆ.

ರಾಕಿ ಲಿನಕ್ಸಿಗೆ ಹತ್ತು ವರ್ಷಗಳ ಬೆಂಬಲವಿದೆ. ಆದರೆ ಅದರ 10ನೇ ಆವೃತ್ತಿಯು ಎವಿಎಕ್ಸ್2 ಸೂಚನೆಗಳಿರುವ ಪ್ರೊಸೆಸರನ್ನು ಬಯಸುತ್ತದೆ, ಇಂಟೆಲ್ ಅದನ್ನು ತಂದದ್ದು ನಾಲ್ಕನೇ ತಲೆಮಾರಿನಲ್ಲಿ. ನಿಮ್ಮ ಯಂತ್ರದಲ್ಲಿ ಅದು ನಡೆಯುವುದಿಲ್ಲ. 9ನೇ ಆವೃತ್ತಿ ನಡೆಯುತ್ತದೆ, 2032ರವರೆಗೆ ಅಪ್‌ಡೇಟುಗಳೂ ಬರುತ್ತವೆ. ಆದರೆ ಅಲ್ಲಿಂದ ಮುಂದಿನ ದಾರಿ ಈ ಲ್ಯಾಪ್‌ಟಾಪಿಗೆ ಮುಚ್ಚಿದೆ. ಇದಕ್ಕಿಂತ ನನಗೆ ಹೆಚ್ಚು ಮುಖ್ಯವೆನಿಸುವುದು ರಾಕಿ ಹುಟ್ಟಿದ ಕಾರಣ. ರೆಡ್ ಹ್ಯಾಟ್ ಕಂಪನಿಯ ಆಶ್ರಯದಲ್ಲಿದ್ದ, 2029ರವರೆಗೆ ಬಾಳಬೇಕಿದ್ದ ಸೆಂಟ್‌ಒಎಸ್ 8 ಎಂಬ ಲಿನಕ್ಸನ್ನು 2021ರ ಕೊನೆಗೇ ನಿಲ್ಲಿಸುವುದಾಗಿ 2020ರ ಡಿಸೆಂಬರಿನಲ್ಲಿ ಪ್ರಕಟಿಸಲಾಯಿತು. ಅದನ್ನು ನಂಬಿ ಸರ್ವರ್ ಕಟ್ಟಿದ್ದವರಿಗೆ ಸಿಕ್ಕಿದ್ದು ಒಂದೇ ವರ್ಷದ ಕಾಲಾವಕಾಶ. ರಾಕಿ ಮತ್ತು ಆಲ್ಮಾ ಎಂಬ ಇನ್ನೊಂದು ಡಿಸ್ಟ್ರೋ ಆ ಜಾಗ ತುಂಬಲೆಂದೇ ಬಂದವು. ಡೆಬಿಯನ್ 1993ರಿಂದ ಸ್ವಯಂಸೇವಕರ ಕೈಯಲ್ಲಿದೆ, ಒಂದು ಕಂಪನಿಯ ನಿರ್ಧಾರದಿಂದ ಅದರ ಅವಧಿ ಹೀಗೆ ಮೊಟಕಾಗಲಾರದು. ಮನೆಯವರ ಫೋಟೋಗಳನ್ನು ಇಡುವ ಯಂತ್ರದ ವಿಷಯದಲ್ಲಿ ನಾನು ಇದಕ್ಕೆ ಬಹಳ ತೂಕ ಕೊಡುತ್ತೇನೆ.

ನಿಜವಾದ ಪೈಪೋಟಿ ಇರುವುದು ಉಬುಂಟು ಎಲ್‌ಟಿಎಸ್ (ದೀರ್ಘಕಾಲ ಬೆಂಬಲವಿರುವ ಆವೃತ್ತಿ) ಮತ್ತು ಡೆಬಿಯನ್ ನಡುವೆ. ಉಬುಂಟು ಕೆಟ್ಟ ಆಯ್ಕೆಯಲ್ಲ: ಐದು ವರ್ಷಗಳ ಬೆಂಬಲವಿದೆ, ವೈಯಕ್ತಿಕ ಬಳಕೆಗೆ ಐದು ಯಂತ್ರಗಳವರೆಗೆ ಉಚಿತವಾಗಿರುವ ಉಬುಂಟು ಪ್ರೊ ಪಡೆದರೆ ಅದು ಹತ್ತಾಗುತ್ತದೆ, ಮತ್ತು ಝಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯನ್ನು ಬಳಸುವ ಉದ್ದೇಶವಿದ್ದರೆ ಅದರ ಮಾಡ್ಯೂಲ್ ಕರ್ನಲ್ ಜೊತೆಯಲ್ಲೇ ಬರುತ್ತದೆ. ಆದರೆ ಉಬುಂಟುವಿನ ‘ಯೂನಿವರ್ಸ್’ ಭಂಡಾರದ ಪ್ಯಾಕೇಜುಗಳಿಗೆ ಭದ್ರತಾ ಅಪ್‌ಡೇಟುಗಳ ಭರವಸೆ ಬೇಕೆಂದರೆ ಪ್ರೊ ಖಾತೆ ಬೇಕು. ಜೊತೆಗೆ ಉಬುಂಟು ಸರ್ವರ್ ಅನುಸ್ಥಾಪಿಸುವಾಗ ತೋರಿಸುವ ಪಟ್ಟಿಯಲ್ಲಿ ಡಾಕರ್ ಇರುತ್ತದೆ. ಹೊಸಬರು ಸಹಜವಾಗಿಯೇ ಅದನ್ನು ಆರಿಸುತ್ತಾರೆ. ಅದು ಸ್ನ್ಯಾಪ್ (ಉಬುಂಟುವಿನದೇ ಪ್ಯಾಕೇಜ್ ಬಗೆ) ರೂಪದ ಡಾಕರ್. ಹೋಮ್ ಫೋಲ್ಡರಿನ ಹೊರಗೆ ಜೋಡಿಸಿದ ಡಿಸ್ಕಿನ ಕಡತಗಳು ಅದಕ್ಕೆ ಸುಲಭವಾಗಿ ಕಾಣುವುದಿಲ್ಲ, ಮತ್ತು ಅದು ತಾನಾಗಿಯೇ ಅಪ್‌ಡೇಟ್ ಆಗುತ್ತದೆ. ಉಬುಂಟುವನ್ನೇ ಹಾಕುವುದಾದರೆ ಆ ಪಟ್ಟಿಯಲ್ಲಿ ಏನನ್ನೂ ಆರಿಸದೆ, ಡಾಕರನ್ನು ಆಮೇಲೆ ಅದರದೇ ಆಪ್ಟ್ (ಡೆಬಿಯನ್, ಉಬುಂಟುಗಳ ಮಾಮೂಲಿ ಪ್ಯಾಕೇಜ್ ಸಾಧನ) ಭಂಡಾರದಿಂದ ಹಾಕಿಕೊಳ್ಳಿ.

ಡೆಬಿಯನ್ 13 ಬಿಡುಗಡೆಯಾದದ್ದು 2025ರ ಆಗಸ್ಟಿನಲ್ಲಿ. 2028ರ ಆಗಸ್ಟ್‌ವರೆಗೆ ಪೂರ್ಣ ಬೆಂಬಲ, ಅನಂತರ 2030ರ ಜೂನ್‌ವರೆಗೆ ಎಲ್‌ಟಿಎಸ್ ತಂಡದ ಬೆಂಬಲ ಇರುತ್ತದೆ. ಒಂದು ಆವೃತ್ತಿಯಿಂದ ಮುಂದಿನದಕ್ಕೆ ಹೋಗುವ ಕ್ರಮವನ್ನು ಪ್ರತಿ ಬಿಡುಗಡೆಯ ಟಿಪ್ಪಣಿಯಲ್ಲೂ ಹಂತಹಂತವಾಗಿ ಬರೆದಿರುತ್ತಾರೆ. ನಡುವಿನ ಆವೃತ್ತಿಯನ್ನು ಹಾರಿಸುವಂತಿಲ್ಲ ಎಂಬುದನ್ನು ಮಾತ್ರ ಗಮನದಲ್ಲಿಡಿ. ಪ್ಯಾಕೇಜುಗಳು ಹಳೆಯವು ಎಂಬ ದೂರು ಕಂಟೇನರ್ ಬಳಸುವವರನ್ನು ತಟ್ಟುವುದಿಲ್ಲ. ಮೊದಲು ತೊಡಕಾಗಿದ್ದ ವೈಫೈ ಫರ್ಮ್‌ವೇರ್ ಕೂಡ 12ನೇ ಆವೃತ್ತಿಯಿಂದ ಇನ್‌ಸ್ಟಾಲರಿನಲ್ಲೇ ಸೇರಿದೆ.

ಅನುಸ್ಥಾಪಿಸುವಾಗ ರೂಟ್ ಪಾಸ್‌ವರ್ಡನ್ನು ಖಾಲಿ ಬಿಡಿ, ಆಗ ನಿಮ್ಮ ಖಾತೆಗೇ ಸುಡೊ (ನಿರ್ವಾಹಕರ) ಅಧಿಕಾರ ಸಿಗುತ್ತದೆ. ಡೆಸ್ಕ್‌ಟಾಪ್ ಆಯ್ಕೆಗಳನ್ನೆಲ್ಲ ತೆಗೆದು ಎಸ್‌ಎಸ್‌ಎಚ್ ಸರ್ವರ್ ಮತ್ತು ಸಾಮಾನ್ಯ ಸಿಸ್ಟಮ್ ಸಾಧನಗಳನ್ನಷ್ಟೇ ಉಳಿಸಿಕೊಳ್ಳಿ; ಇಮ್ಮಿಚ್‌ನಲ್ಲಿ ಮುಖ ಗುರುತಿಸುವ ಕೆಲಸಕ್ಕೆ ರ‍್ಯಾಮ್ ಬೇಕಾಗುವುದರಿಂದ ಆ ಉಳಿತಾಯ ನಿಮಗೆ ಅಗತ್ಯ. ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದರೂ ಯಂತ್ರ ನಿದ್ರೆಗೆ ಜಾರದಂತೆ ಹಿನ್ನೆಲೆ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ ಲಾಗಿನ್ ಸಂರಚನೆಯಲ್ಲಿ ಬದಲಿಸಬೇಕು. 13ನೇ ಆವೃತ್ತಿಯಲ್ಲಿ ತಾತ್ಕಾಲಿಕ ಕಡತಗಳ ‘ಟಿಎಂಪಿ’ ಫೋಲ್ಡರ್ ಡಿಸ್ಕಿನ ಬದಲು ರ‍್ಯಾಮಿನಲ್ಲಿರುತ್ತದೆ ಎಂಬುದೂ ತಿಳಿದಿರಲಿ. 8 ಜಿಬಿಯ ಯಂತ್ರದಲ್ಲಿ ದೊಡ್ಡ ಕಡತಗಳನ್ನು ಅಲ್ಲಿ ಇಡಬೇಡಿ.

ಕೊನೆಯಲ್ಲಿ ಎರಡು ಎಚ್ಚರಿಕೆಗಳಿವೆ. ಡಾಕರ್ ತೆರೆಯುವ ಪೋರ್ಟುಗಳನ್ನು ಯುಎಫ್‌ಡಬ್ಲ್ಯು ಫೈರ್‌ವಾಲ್ ತಡೆಯುವುದಿಲ್ಲ, ಏಕೆಂದರೆ ಡಾಕರ್ ತನ್ನ ನಿಯಮಗಳನ್ನು ನೇರವಾಗಿ ಕರ್ನಲ್ಲಿಗೇ ಬರೆಯುತ್ತದೆ. ಹೊರಗಿನಿಂದ ತಲುಪಬೇಕೆಂದರೆ ರೂಟರಿನಲ್ಲಿ ಪೋರ್ಟ್ ತೆರೆಯುವುದಕ್ಕಿಂತ ನಿಮ್ಮ ಸಾಧನಗಳನ್ನು ಖಾಸಗಿ ಜಾಲವಾಗಿ ಜೋಡಿಸುವ ಟೇಲ್‌ಸ್ಕೇಲ್ ಬಳಸಿ. ನಮ್ಮಲ್ಲಿ ಹಲವು ಮನೆ ಸಂಪರ್ಕಗಳಿಗೆ ಸ್ವಂತ ಸಾರ್ವಜನಿಕ ಐಪಿ ವಿಳಾಸವೇ ಇರುವುದಿಲ್ಲವಾದ್ದರಿಂದ ಅದೇ ಸುಲಭದ ದಾರಿಯೂ ಹೌದು. ಇನ್ನೊಂದು, ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಎಂಬ ಪ್ಯಾಕೇಜನ್ನು ಮೊದಲ ದಿನವೇ ಹಾಕಿಕೊಳ್ಳಿ, ಆದರೆ ಅದು ಡೆಬಿಯನ್ನಿನ ಪ್ಯಾಕೇಜುಗಳನ್ನಷ್ಟೇ ನವೀಕರಿಸುತ್ತದೆ. ಕಂಟೇನರ್ ಇಮೇಜುಗಳನ್ನು ನೀವೇ ನವೀಕರಿಸಬೇಕು, ಮತ್ತು ಹಾಗೆ ಮಾಡುವ ಮುನ್ನ ಇಮ್ಮಿಚ್‌ನ ಡೇಟಾಬೇಸನ್ನೂ ಫೋಟೋಗಳನ್ನೂ ಬೇರೊಂದು ಡಿಸ್ಕಿಗೆ ಪ್ರತಿ ಮಾಡಿಟ್ಟುಕೊಳ್ಳಬೇಕು.