ಆನಿ ಮೂರ್ ಟೆಕ್ಸಾಸಿನಲ್ಲಿ ಸತ್ತವಳಲ್ಲ

ಅಮೆರಿಕಕ್ಕೆ ವಲಸೆ ಬಂದವರನ್ನು ತಪಾಸಣೆ ಮಾಡಿ ಒಳಗೆ ಬಿಡುತ್ತಿದ್ದ ನ್ಯೂಯಾರ್ಕಿನ ಎಲಿಸ್ ದ್ವೀಪದಲ್ಲಿ ಎಲ್ಲರಿಗಿಂತ ಮೊದಲು ಇಳಿದ ಐರಿಶ್ ಹುಡುಗಿ ಆನಿ ಮೂರ್ ಟೆಕ್ಸಾಸಿನಲ್ಲಿ ಟ್ರಾಮ್ ಬಡಿದು ಸತ್ತಳಂತೆ, ನಿಜವಾ ಅಂತ ಕೇಳಿದ್ದೀರಿ. ನಿಜವಲ್ಲ. ಎಷ್ಟೋ ವರ್ಷ ಎಲ್ಲರೂ ಹಾಗೇ ನಂಬಿದ್ದರು, ಅದಕ್ಕೇ ಈ ಕಥೆ ಇನ್ನೂ ಓಡಾಡುತ್ತಿದೆ. 1923ರಲ್ಲಿ ಟ್ರಾಮ್ ಅಪಘಾತದಲ್ಲಿ ಸತ್ತವಳು ಅದೇ ಹೆಸರಿನ ಬೇರೆ ಹೆಂಗಸು. ಆಕೆ ಹುಟ್ಟಿದ್ದೇ ಅಮೆರಿಕದ ಇಲಿನಾಯ್ಸ್‌ನಲ್ಲಿ. 2006ರಲ್ಲಿ ವಂಶಾವಳಿ ಹುಡುಕುವ ಮೇಗನ್ ಸ್ಮೊಲೆನ್ಯಾಕ್ ಇದನ್ನು ಸರಿಪಡಿಸಿದರು.

ನಮ್ಮ ಆನಿ ಐರ್ಲೆಂಡಿನ ಕಾರ್ಕ್ ಕಡೆಯವಳು. 1892ರ ಜನವರಿ 1ರಂದು ಇಬ್ಬರು ತಮ್ಮಂದಿರ ಜೊತೆ ಹಡಗಿನಿಂದ ಇಳಿದಳು. ಅಧಿಕಾರಿಗಳು ಅವಳ ಕೈಗೆ ಹತ್ತು ಡಾಲರಿನ ಚಿನ್ನದ ನಾಣ್ಯ ಕೊಟ್ಟರು. ಪತ್ರಿಕೆಯವರು ಹದಿನೈದು ವರ್ಷ ಅಂತ ಬರೆದರು, ಅವಳಿಗೆ ಆಗಲೇ ಹದಿನೇಳು.

ಆಮೇಲೆ ಪಶ್ಚಿಮಕ್ಕೆ ಹೋಗಲೇ ಇಲ್ಲ. ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡ್‌ನಲ್ಲೇ ಉಳಿದಳು. ಫುಲ್ಟನ್ ಮೀನು ಮಾರುಕಟ್ಟೆಯಲ್ಲಿ ಕೆಲಸಕ್ಕಿದ್ದ ಜೋಸೆಫ್ ಶೇಯರ್‌ನನ್ನು ಮದುವೆಯಾದಳು. ಹೆತ್ತ ಮಕ್ಕಳಲ್ಲಿ ಹೆಚ್ಚುಕಮ್ಮಿ ಅರ್ಧ ದೊಡ್ಡವರಾಗುವ ಮೊದಲೇ ಹೋದವು. ನನಗೆ ಜಾಸ್ತಿ ಸಂಕಟವಾಗುವುದು ಇದೇ. 1924ರಲ್ಲಿ, ಐವತ್ತರ ಆಸುಪಾಸಿನಲ್ಲಿ, ಹೃದಯದ ತೊಂದರೆಯಿಂದ ತೀರಿಕೊಂಡಳು. ಸಮಾಧಿ ಇರುವುದು ಕ್ವೀನ್ಸ್‌ನ ಕ್ಯಾಲ್ವರಿ ಸ್ಮಶಾನದಲ್ಲಿ. ಅದಕ್ಕೆ ಹೆಸರಿನ ಕಲ್ಲು ಬಂದಿದ್ದು 2008ರಲ್ಲಿ. ನ್ಯೂಯಾರ್ಕಿನ ಕಡೆ ಹೋದರೆ ಖಂಡಿತ ನೋಡಿ ಬನ್ನಿ.