ಹರಳು ಪುಟಾಣಿ, ಅದನ್ನು ಕಿರಣದ ಎದುರು ತರೋದೇ ದೊಡ್ಡ ಕೆಲಸ

ಪ್ರಶ್ನೆ: ಪ್ರೋಟೀನಿನ ರಚನೆ ತಿಳಿಯೋಕೆ ಅದರ ಪುಟಾಣಿ ಹರಳುಗಳನ್ನು ದ್ರವದ ಎಳೆಯಲ್ಲಿ ಚಿಮ್ಮಿಸಿ ಎಕ್ಸ್-ರೇ ಹಾಯಿಸುತ್ತಾರೆ ಅಂತ ನಮ್ಮ ಸರ್ ಹೇಳಿದರು. ಒಂದು ಹರಳನ್ನು ಸೂಜಿ ತುದಿಗೆ ಅಂಟಿಸಿದರೆ ಸಾಲದಾ? ಚಿಮ್ಮಿಸಿದರೆ ಹಾಳಾಗೋದೇ ಜಾಸ್ತಿ ಅಲ್ವಾ?
– ಎಂ.ಎಸ್ಸಿ. ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಹರಳು ದೊಡ್ಡದಿದ್ದರೆ ಹೆಚ್ಚುಕಡಿಮೆ ನೀವು ಹೇಳಿದ ಹಾಗೇ ಮಾಡುತ್ತಾರೆ. ಸಣ್ಣ ಕುಣಿಕೆಯಲ್ಲಿ ಎತ್ತಿ, ಚೆನ್ನಾಗಿ ತಣ್ಣಗಾಗಿಸಿ, ತಿರುಗಿಸುತ್ತಾ ಕಿರಣ ಹಾಯಿಸುತ್ತಾರೆ. ಎಲೆಕ್ಟ್ರಾನುಗಳನ್ನು ವರ್ತುಲದಲ್ಲಿ ಓಡಿಸಿ ಎಕ್ಸ್-ರೇ ಪಡೆಯುವ ಇಂದೋರಿನ ಇಂಡಸ್-2 ಯಂತ್ರದಲ್ಲಿ ಇದಕ್ಕೆಂದೇ ಒಂದು ಬೀಮ್‌ಲೈನ್, ಅಂದರೆ ಕಿರಣವನ್ನು ಪ್ರಯೋಗದ ಜಾಗಕ್ಕೆ ತರುವ ಸಾಲು, ಇದೆ. ಆದರೆ ಎಷ್ಟೋ ಪ್ರೋಟೀನುಗಳು, ಅದರಲ್ಲೂ ಜೀವಕೋಶದ ಪೊರೆಯಲ್ಲಿ ಕೂತಿರುವಂಥವು, ಒಂದೆರಡು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ದಾಟಿ ಬೆಳೆಯೋದೇ ಕಷ್ಟ. ಅವಕ್ಕೆ ಎಕ್ಸ್-ರೇ ಲೇಸರ್ ಬೇಕು. ಅಂಥದ್ದೊಂದು ಲೇಸರ್, ಕ್ಯಾಲಿಫೋರ್ನಿಯಾದ ಎಲ್‌ಸಿಎಲ್‌ಎಸ್, 2009ರಲ್ಲಿ ಶುರುವಾಯಿತು. ಅದರ ಎಕ್ಸ್-ರೇ ಮಿಂಚು ಎಷ್ಟು ಚಿಕ್ಕದೆಂದರೆ, ಹರಳು ಚೂರಾಗುವ ಮೊದಲೇ ಚಿತ್ರ ಮೂಡಿರುತ್ತದೆ. ಒಂದು ಹರಳಿಗೆ ಒಂದೇ ಚಿತ್ರ, ಬೇಕಾಗೋದು ಸಾವಿರಾರು, ಮಿಂಚು ಬರೋದು ಸೆಕೆಂಡಿಗೆ 120 ಸಲ. ಒಂದೊಂದಾಗಿ ಅಂಟಿಸುತ್ತಾ ಕೂರೋಕೆ ಆಗಲ್ಲ.

ಅದಕ್ಕೇ ಹರಳು ಬೆರೆತ ದ್ರವವನ್ನು ಎಳೆಯಾಗಿ ಚಿಮ್ಮಿಸುವ ನಳಿಕೆ. ನಿಮ್ಮ ಕಡೆ ದ್ರಾಕ್ಷಿ ತೋಟದ ಡ್ರಿಪ್ ಪೈಪ್ ನೋಡಿರುತ್ತೀರಿ, ತೂತಿನ ಬಾಯಿಗೆ ಬಿಳಿ ಉಪ್ಪು ಕಟ್ಟಿ ಹನಿ ನಿಂತೇ ಹೋಗಿರುತ್ತದೆ. ಐದು ಮೈಕ್ರಾನ್ ಎಳೆಗೆ ಐದೇ ಮೈಕ್ರಾನ್ ತೂತು ಕೊಟ್ಟರೆ ಇಲ್ಲೂ ಅದೇ ಗತಿ. ಅರಿಝೋನಾ ಸ್ಟೇಟ್ ವಿಶ್ವವಿದ್ಯಾಲಯದವರು ತೂತನ್ನು ಸುಮಾರು 50 ಮೈಕ್ರಾನ್ ಇಟ್ಟು, ಸುತ್ತಲೂ ಗ್ಯಾಸ್ ಹರಿಸಿ, ಹೊರಬಂದ ದ್ರವವನ್ನು ಆ ಗ್ಯಾಸಿನಿಂದಲೇ ಹಿಂಡಿ ಎಳೆ ಮಾಡಿದರು. ನನಗೆ ಈ ಇಡೀ ಕಥೆಯಲ್ಲಿ ತುಂಬಾ ಹಿಡಿಸಿದ ಉಪಾಯ ಇದು.

ಹಾಳಾಗುವ ಮಾತು ನಿಜ. ಎಳೆ ಸೆಕೆಂಡಿಗೆ ಸುಮಾರು 10 ಮೀಟರ್ ಓಡುತ್ತದೆ. ಅಂದರೆ ಎರಡು ಮಿಂಚಿನ ನಡುವೆ ಎಂಟು ಸೆಂಟಿಮೀಟರ್ ದಾಟಿರುತ್ತದೆ, ಕಿರಣ ತಾಗೋದು ಅದರಲ್ಲಿ ಕೆಲವೇ ಮೈಕ್ರಾನ್. ತಿಂಗಳುಗಟ್ಟಲೆ ಕೂತು ಶುದ್ಧ ಮಾಡಿದ ಪ್ರೋಟೀನು ಸುಮ್ನೆ ಹರಿದುಹೋದರೆ ಕರುಳು ಚುರುಕ್ ಅನ್ನೋದಿಲ್ವಾ?

ಆಮೇಲೆ ಶಾವಿಗೆ ಒತ್ತುವ ದಾರಿ ಬಂತು. ಪೊರೆಯ ಪ್ರೋಟೀನು ಹರಳುಗಟ್ಟುವ ಕೊಬ್ಬಿನ ಗಟ್ಟಿ ಜೆಲ್ಲನ್ನೇ ಹರಳಿನ ಸಮೇತ ನಿಧಾನಕ್ಕೆ ಒತ್ತುತ್ತಾರೆ. ಶಾವಿಗೆ ಹಾಗೇ ಇದೂ ಸುರುಳಿ ಸುತ್ತಿಕೊಳ್ಳಲು ನೋಡುತ್ತದೆ, ನೆಟ್ಟಗಿಡೋಕೆ ಮತ್ತೆ ಗ್ಯಾಸ್ ಬೇಕು. ಈ ದಾರಿಯಲ್ಲಿ 2013ರಲ್ಲಿ ಸೆರೊಟೊನಿನ್ ಎಂಬ ನರಸಂದೇಶದ ರಾಸಾಯನಿಕವನ್ನು ಹಿಡಿಯುವ ಒಂದು ಪ್ರೋಟೀನಿನ ರಚನೆ 0.3 ಮಿಲಿಗ್ರಾಂಗಿಂತ ಕಡಿಮೆ ಮಾಲಿನಲ್ಲೇ ಸಿಕ್ಕಿತು.

ನಿಮ್ಮ ಅಂಟಿಸುವ ದಾರಿಯೂ ಬೇರೆ ರೂಪದಲ್ಲಿ ಇದೆ. ಸಾವಿರಾರು ತೂತುಗಳ ಸಿಲಿಕಾನ್ ಚಿಪ್ಪಿನಲ್ಲಿ ಹರಳು ಕೂರಿಸಿ, ಚಿಪ್ಪನ್ನೇ ಸರಿಸುತ್ತಾ ಒಂದೊಂದು ತೂತನ್ನೂ ಕಿರಣದ ಎದುರು ತರುತ್ತಾರೆ.