ಓದುಗರ ಪ್ರಶ್ನೆ: ಪಕ್ಷಗಳ ಖಾತೆಗೆ ವಿದೇಶಿ ಹಣ ಬಂದರೆ ಏನಾಗುತ್ತದೆ?

ಪ್ರಶ್ನೆ: ನಮ್ಮ ಚುನಾವಣೆಗಳಲ್ಲಿ ವಿದೇಶಿ ಕೈವಾಡವಿದೆ ಎಂದು ಪಕ್ಷಗಳು ಒಂದರ ಮೇಲೊಂದು ಆರೋಪ ಹೊರಿಸುತ್ತಲೇ ಇರುತ್ತವೆ. ಇದನ್ನು ತಡೆಯುವ ಕಾನೂನು ನಮ್ಮಲ್ಲಿ ಇಲ್ಲವೇ? ಇದ್ದರೆ, ಯಾವುದಾದರೂ ಪಕ್ಷ ಅದರಡಿ ಸಿಕ್ಕಿಬಿದ್ದದ್ದುಂಟೇ?
– ಓದುಗರೊಬ್ಬರು, ಸಾಗರ

ಉತ್ತರ: ಕಾನೂನು ಇದೆ, ಸಿಕ್ಕಿಬಿದ್ದದ್ದೂ ಉಂಟು. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರ ಆಗಸ್ಟ್ 5ರಂದು ಜಾರಿಗೆ ಬಂದ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯು ಪಕ್ಷಗಳು, ಅಭ್ಯರ್ಥಿಗಳು ಮತ್ತು ಶಾಸಕರು ವಿದೇಶಿ ಮೂಲದಿಂದ ಹಣ ಪಡೆಯುವುದನ್ನು ನಿಷೇಧಿಸಿತು. ಅದರ ಜಾಗಕ್ಕೆ ಬಂದ 2010ರ ಕಾಯ್ದೆಯಲ್ಲೂ ಈ ನಿಷೇಧ ಮುಂದುವರಿದಿದೆ, ಉಲ್ಲಂಘಿಸಿದವರಿಗೆ ಐದು ವರ್ಷದವರೆಗೆ ಜೈಲು ಶಿಕ್ಷೆಗೂ ಅವಕಾಶವಿದೆ. (ನಿಷೇಧಿತರ ಪಟ್ಟಿಯಲ್ಲಿ ಪತ್ರಿಕಾ ಅಂಕಣಕಾರರೂ ಇದ್ದಾರೆ, ಅಂದರೆ ಈ ಉತ್ತರ ಬರೆಯುತ್ತಿರುವವನೂ ಸೇರಿದಂತೆ.) ಇದರ ಜೊತೆಗೆ ಜನಪ್ರಾತಿನಿಧ್ಯ ಕಾಯ್ದೆಯ ಸೆಕ್ಷನ್ 29ಬಿ ಕೂಡ ಪಕ್ಷಗಳು ವಿದೇಶಿ ಮೂಲದ ದೇಣಿಗೆ ಪಡೆಯಬಾರದೆಂದು ಹೇಳುತ್ತದೆ.

ಲಂಡನ್ನಿನಲ್ಲಿ ನೋಂದಣಿಯಾಗಿದ್ದ ವೇದಾಂತ ರಿಸೋರ್ಸಸ್ ಕಂಪನಿಯ ಹಿಡಿತದಲ್ಲಿದ್ದ ಸ್ಟೆರ್‌ಲೈಟ್, ಸೇಸಾ ಗೋವಾ ಮುಂತಾದ ಕಂಪನಿಗಳಿಂದ ಕಾಂಗ್ರೆಸ್ ಮತ್ತು ಬಿಜೆಪಿ ಎರಡೂ ದೇಣಿಗೆ ಪಡೆದಿದ್ದವು. ಇದನ್ನು ಪ್ರಶ್ನಿಸಿ, ಚುನಾವಣಾ ಸುಧಾರಣೆಗಾಗಿ ಕೆಲಸ ಮಾಡುವ ಎಡಿಆರ್ ಸಂಸ್ಥೆ ಮತ್ತು ನಿವೃತ್ತ ಅಧಿಕಾರಿ ಇ.ಎ.ಎಸ್. ಶರ್ಮಾ ಹೂಡಿದ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟ್, 2014ರ ಮಾರ್ಚ್ 28ರಂದು, ಎರಡೂ ಪಕ್ಷಗಳು ಮೇಲ್ನೋಟಕ್ಕೆ 1976ರ ಕಾಯ್ದೆಯನ್ನು ಉಲ್ಲಂಘಿಸಿವೆ ಎಂದು ಹೇಳಿ, ಆರು ತಿಂಗಳೊಳಗೆ ಕ್ರಮ ಕೈಗೊಳ್ಳುವಂತೆ ಕೇಂದ್ರ ಗೃಹ ಸಚಿವಾಲಯಕ್ಕೂ ಚುನಾವಣಾ ಆಯೋಗಕ್ಕೂ ಸೂಚಿಸಿತು. ಪಕ್ಷಗಳು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದವು.

ಪ್ರಕರಣ ಹೀಗೆ ನಡೆಯುತ್ತಿರುವಾಗಲೇ ಕಾನೂನು ಬದಲಾಯಿತು. ಅರ್ಧಕ್ಕಿಂತ ಹೆಚ್ಚು ಷೇರು ವಿದೇಶಿಯರ ಕೈಯಲ್ಲಿದ್ದರೆ ಅಂಥ ಕಂಪನಿ ‘ವಿದೇಶಿ ಮೂಲ’ ಎಂದು ಕಾಯ್ದೆ ಹೇಳುತ್ತಿತ್ತು. ಆ ಹೂಡಿಕೆಯು ವಿದೇಶಿ ವಿನಿಮಯ ನಿಯಮಗಳ ಮಿತಿಯೊಳಗಿದ್ದರೆ ಕಂಪನಿಯನ್ನು ವಿದೇಶಿ ಎಂದು ಪರಿಗಣಿಸಬಾರದೆಂಬ ತಿದ್ದುಪಡಿಯನ್ನು 2016ರ ಹಣಕಾಸು ಕಾಯ್ದೆಯೊಳಗೆ ಸೇರಿಸಿ, ಅದನ್ನು 2010ರಿಂದಲೇ ಪೂರ್ವಾನ್ವಯಗೊಳಿಸಲಾಯಿತು. ಆದರೆ ವಿವಾದದಲ್ಲಿದ್ದ ದೇಣಿಗೆಗಳು ಅದಕ್ಕೂ ಹಿಂದಿನವು, ಹಳೆಯ ಕಾಯ್ದೆಯ ಕಾಲದವು. ಹೀಗಾಗಿ 2018ರ ಹಣಕಾಸು ಮಸೂದೆಯಲ್ಲಿ ಆ ದಿನಾಂಕವನ್ನೇ ತಿದ್ದಿ, 1976ರ ಆಗಸ್ಟ್ 5ಕ್ಕೆ ಒಯ್ಯಲಾಯಿತು. ಆ ಮಸೂದೆಯನ್ನು ಲೋಕಸಭೆ ಗದ್ದಲದ ನಡುವೆ, ಚರ್ಚೆಯೇ ಇಲ್ಲದೆ ಅಂಗೀಕರಿಸಿತು. ಆರೋಪಕ್ಕೆ ಗುರಿಯಾದವರೇ ಶಾಸನ ಸಭೆಯಲ್ಲಿ ಕೂತು, ನಲವತ್ತೆರಡು ವರ್ಷ ಹಿಂದಿನವರೆಗೆ ತಮ್ಮ ತಪ್ಪನ್ನು ತಪ್ಪೇ ಅಲ್ಲವೆಂದು ಮಾಡಿಕೊಂಡರೆ, ಹೊಣೆಗಾರಿಕೆಯನ್ನು ಯಾರಲ್ಲಿ ಕೇಳಬೇಕು? ಬೇರೆ ವಿಷಯಗಳಲ್ಲಿ ಕಚ್ಚಾಡುವ ಎರಡು ದೊಡ್ಡ ಪಕ್ಷಗಳಿಗೂ ಇದರಿಂದ ಲಾಭವಾಗಿತ್ತು ಎಂಬುದನ್ನು ಗಮನಿಸಬೇಕು.

ಹೆಸರು ಬಹಿರಂಗವಾಗದಂತೆ ಪಕ್ಷಗಳಿಗೆ ದೇಣಿಗೆ ಕೊಡಲು ಇದ್ದ ಚುನಾವಣಾ ಬಾಂಡ್ ಯೋಜನೆಯನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರುವರಿ 15ರಂದು ರದ್ದುಪಡಿಸಿತಲ್ಲ, ಈ ತಿದ್ದುಪಡಿಯೂ ಅದರೊಂದಿಗೆ ಹೋಗಿರಬೇಕು ಎಂದು ಹಲವರು ಭಾವಿಸಿದ್ದಾರೆ. ಆ ತೀರ್ಪು ಬಾಂಡ್‌ಗಳನ್ನೂ ಕಂಪನಿಗಳ ಮಿತಿಯಿಲ್ಲದ ದೇಣಿಗೆಯನ್ನೂ ಅಸಾಂವಿಧಾನಿಕವೆಂದಿತೇ ಹೊರತು ‘ವಿದೇಶಿ ಮೂಲ’ದ ವ್ಯಾಖ್ಯೆಯನ್ನು ಮುಟ್ಟಲಿಲ್ಲ.

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ತಮ್ಮ ಇಲ್ಲಿನ ಅಭ್ಯರ್ಥಿಯೊಬ್ಬರಿಗೆ ಹಣ ಕಳುಹಿಸಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ಅವರ ಪಾಸ್‌ಪೋರ್ಟ್ ಯಾವ ದೇಶದ್ದು ಎಂಬುದರ ಮೇಲೆ ಅದು ನಿಂತಿದೆ. ಇನ್ನೂ ಭಾರತೀಯ ಪೌರರಾಗಿದ್ದು, ಸ್ವಂತ ಉಳಿತಾಯದ ಹಣವನ್ನು ಬ್ಯಾಂಕಿನ ಮೂಲಕ ಕಳುಹಿಸಿದರೆ ಅದನ್ನು ವಿದೇಶಿ ವಂತಿಗೆ ಎನ್ನುವುದಿಲ್ಲ. ಅಮೆರಿಕದ ಪೌರತ್ವ ಪಡೆದಿದ್ದರೆ ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ ಅವರು ವಿದೇಶಿ ಮೂಲವೇ, ಹೀಗಾಗಿ ಅಭ್ಯರ್ಥಿ ಆ ಹಣ ಪಡೆಯುವಂತಿಲ್ಲ. ಅಮೆರಿಕದ ಕಾನೂನು ಗೆರೆ ಎಳೆದಿರುವುದು ಬೇರೆ ಕಡೆ: ಅಲ್ಲಿನ ಚುನಾವಣೆಗೆ ಗ್ರೀನ್ ಕಾರ್ಡ್ (ಕಾಯಂ ವಾಸದ ಪರವಾನಗಿ) ಇರುವ ಕನ್ನಡಿಗರು ಪೌರತ್ವವಿಲ್ಲದಿದ್ದರೂ ದೇಣಿಗೆ ಕೊಡಬಹುದು, ಎಚ್‌1ಬಿ ಎಂಬ ತಾತ್ಕಾಲಿಕ ಉದ್ಯೋಗ ವೀಸಾದವರು ಕೊಡುವಂತಿಲ್ಲ.